ಠಾಣೆಯಿಂದ ಘಾಟ್ಕೋಪರ್‌ವರೆಗೆ ಆರು ವಚನ

ಹೆದರಿಕೆಯ ದಿನಗಳಿಗೆ ಪ್ರಾರ್ಥನೆಯಿಂದ ಧೈರ್ಯ ತಂದುಕೊಳ್ಳುವ ರೂಢಿಯೊಂದನ್ನು, ಮುಂಬೈ ಪುಣೆ ಕಡೆಯ ಕನ್ನಡ ಕ್ರೈಸ್ತರಿಗೆಂದು, ಇಲ್ಲಿ ಹೇಳುತ್ತೇನೆ. ಮುಂಬೈ ಪಕ್ಕದ ಠಾಣೆಯಲ್ಲಿ ಸ್ಲೋ ಲೋಕಲ್ ರೈಲು ಹತ್ತಿದರೆ ಘಾಟ್ಕೋಪರ್ ಆರನೇ ಸ್ಟೇಷನ್: ಮುಲುಂಡ್, ನಾಹೂರ್, ಭಾಂಡುಪ್, ಕಾಂಜೂರ್‌ಮಾರ್ಗ್, ವಿಕ್ರೋಲಿ, ಘಾಟ್ಕೋಪರ್. ಸತ್ಯವೇದದ (ಬೈಬಲಿನ) 23ನೇ ಕೀರ್ತನೆಯಲ್ಲೂ ಇರುವುದು ಆರೇ ವಚನ. ಎರಡು ಸ್ಟೇಷನ್ನಿನ ನಡುವೆ ಮೂರು-ನಾಲ್ಕು ನಿಮಿಷ ಸಿಗುತ್ತದೆ. ಒಂದು ವಚನವನ್ನು ಮೂರು ಸಲ ನಿಧಾನವಾಗಿ ಮನಸ್ಸಿನಲ್ಲೇ ಹೇಳಿಕೊಳ್ಳಲು ಅಷ್ಟು ಸಾಕು.

ಮೊದಲ ಸಲ ಬರೀ ಮಾತು. ಎರಡನೇ ಸಲ ಯಾವ ಪದ ಮನಸ್ಸಿಗೆ ತಗಲುತ್ತದೋ ಅಲ್ಲಿ ನಿಲ್ಲಬೇಕು. ಮೂರನೇ ಸಲ ಅದನ್ನೇ ಕರ್ತನ ಹತ್ತಿರ ಮಾತಾಡಿದಂತೆ ಹೇಳಬೇಕು. ಸ್ಟೇಷನ್ ಬಂತೆಂದರೆ, ಮೂರನೇ ಸಲ ಮುಗಿಯದಿದ್ದರೂ, ಮುಂದಿನ ವಚನಕ್ಕೆ ಹೋಗಿಬಿಡಿ. ಹಿಂದಿನದನ್ನು ಪೂರ್ತಿ ಮಾಡಲು ಹೋದರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದ ಕೂಡಲೇ ಮನಸ್ಸು ಮತ್ತೆ ಹೆದರಿಕೆಯ ಕಡೆಗೆ ಓಡುತ್ತದೆ.

ಭಾಂಡುಪ್ ದಾಟಿದ ಮೇಲೆ ಬರುವುದು ನಾಲ್ಕನೇ ವಚನ, ಕಾರ್ಗತ್ತಲಿನ ಕಣಿವೆ. ಇಲ್ಲಿ ಸ್ವಲ್ಪ ಗಮನ ಕೊಡಿ. ಮೊದಲ ಮೂರು ವಚನಗಳಲ್ಲಿ ದೇವರು 'ಆತನು': ಆತನು ತಂಗಿಸುತ್ತಾನೆ, ಆತನು ನಡಿಸುತ್ತಾನೆ. ಕಣಿವೆಗೆ ಕಾಲಿಟ್ಟ ಕೂಡಲೇ ಅದು 'ನೀನು' ಆಗಿಬಿಡುತ್ತದೆ. ಹಸುರುಗಾವಲಿನಲ್ಲಿ ದೇವರ ಬಗ್ಗೆ ಮಾತಾಡುತ್ತಿದ್ದವನು ಕತ್ತಲಲ್ಲಿ ದೇವರ ಜೊತೆಗೇ ಮಾತಾಡತೊಡಗುತ್ತಾನೆ. ಮೂಲ ಹೀಬ್ರೂವಿನಲ್ಲೂ ತಿರುವು ಇರುವುದು ಇಲ್ಲೇ. ಈ ಕೀರ್ತನೆಯನ್ನು ಸಾವಿನ ಮನೆಯಲ್ಲಿ ಒಂದೇ ಉಸಿರಿನಲ್ಲಿ ಓದಿ ಮುಗಿಸುವುದು ನಮ್ಮಲ್ಲಿ ರೂಢಿ. ಹಾಗೆ ಓದಿದರೆ ಈ ತಿರುವು ಯಾರ ಕಿವಿಗೂ ಬೀಳುವುದಿಲ್ಲ.

ಇನ್ನೊಂದು ಮಾತು, ಉತ್ತರ ಕರ್ನಾಟಕದಿಂದ ಬಂದವರಿಗೆ. ನಮ್ಮ ಸತ್ಯವೇದ 'ಕುರುಬನು' ಎಂದು ನೇರವಾಗಿ ಹೇಳಿದೆ. ಹಾವೇರಿ, ಗದಗದ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದ್ದನ್ನು ನೋಡಿದವರಿಗೆ ಗೊತ್ತು: ಕುರುಬ ರಾತ್ರಿ ಊರೊಳಗೆ ಬಂದು ಮಲಗುವುದಿಲ್ಲ, ಕಂಬಳಿ ಹೊದ್ದು ಹಿಂಡಿನ ಪಕ್ಕದಲ್ಲೇ ಬೀಳುತ್ತಾನೆ. ಕ್ಯಾಲೆಂಡರಿನ ಬಿಳಿ ನಿಲುವಂಗಿಯ ಕುರುಬನಿಗಿಂತ ಈತ ಈ ಕೀರ್ತನೆ ಹಾಡಿದ ದಾವೀದನಿಗೆ ಹತ್ತಿರ. ಕೈಯಲ್ಲಿ ಕೋಲು ಇರುವುದು ಚಿತ್ರಕ್ಕೆ ಅಂದವಾಗಲಿ ಎಂದಲ್ಲ, ತೋಳಕ್ಕೆ.

ಈ ಅಭ್ಯಾಸ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಮೊದಲನೆಯದು ಮೊಬೈಲಿನಲ್ಲಿ ಓದುವುದು. ಬೆಳಗಿನ ಎಂಟೂವರೆ ಗಾಡಿಯಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ. ಎತ್ತಿದರೂ ವಚನದ ತಲೆಯ ಮೇಲೆ ಆಫೀಸಿನ ಮೆಸೇಜ್ ಬಂದು ಕೂರುತ್ತದೆ. ಎರಡನೆಯದು, ಹೆದರಿಕೆ ಬಂದ ದಿನವೇ ಶುರುಮಾಡುವುದು. ಎದೆ ಹೊಡೆದುಕೊಳ್ಳುವಾಗ ಹೊಸ ಮಾತು ತಲೆಗೆ ಇಳಿಯುವುದಿಲ್ಲ, ಮೊದಲೇ ಕೂತದ್ದು ಮಾತ್ರ ಮೇಲೆ ಬರುತ್ತದೆ. ಆದ್ದರಿಂದ ಏನೂ ಇಲ್ಲದ ಸಾಧಾರಣ ದಿನಗಳಲ್ಲಿ ಕಲಿಯಿರಿ. ದಿನಕ್ಕೊಂದು ವಚನ ಕೈಯಲ್ಲಿ ಬರೆದು, ಆರು ದಿನ. ಏಳನೇ ದಿನ ನೋಡದೆ ಪೂರ್ತಿ. ಮುಂದಿನ ವಾರ ಮತ್ತೆ ಅದನ್ನೇ. ಎರಡು ವಾರಕ್ಕೆ ಆರು ವಚನದ ಒಂದು ಕೀರ್ತನೆ ಕೂರುತ್ತದೆ. ವರ್ಷಕ್ಕೆ ನಾಲ್ಕು ಕಲಿತರೆ ಬೇಕಾದಷ್ಟಾಯಿತು.

ನಾಲ್ಕು ಯಾವುವು ಎಂದರೆ, ನನ್ನ ಆಯ್ಕೆ ಹೀಗೆ. ದಾರಿಗೆ 23 ಅಥವಾ 121. ಜನರನ್ನು ಎದುರಿಸಬೇಕಾದ ದಿನಕ್ಕೆ 27. ರಿಪೋರ್ಟಿಗೋ ಫಲಿತಾಂಶಕ್ಕೋ ಕಾಯುವ ದಿನಗಳಿಗೆ 13. ರಾತ್ರಿ ನಿದ್ದೆ ಬಾರದಿದ್ದರೆ 4, ಅದರ ಕೊನೆಯ ವಚನವೇ ಸಮಾಧಾನದಿಂದ ಮಲಗಿ ನಿದ್ದೆಮಾಡುವ ಮಾತು. ಪುಣೆಯಲ್ಲಿ ಬೈಕ್ ಓಡಿಸುವವರು ಗಾಡಿ ನಡೆಸುತ್ತ ಇದನ್ನು ಮಾಡಬೇಡಿ, ಸಿಗ್ನಲ್ಲಿನಲ್ಲಿ ನಿಂತಾಗ ಒಂದೊಂದು ವಚನ ಸಾಕು. ವಾಸ್ಕೋದಿಂದ ಪಣಜಿಗೆ ಬಸ್ಸಿನಲ್ಲಿ ಹೋಗುವವರು ನಾಲ್ಕನೇ ವಚನವನ್ನು ಝುವಾರಿ ಸೇತುವೆಗೆ ಇಟ್ಟುಕೊಳ್ಳಬಹುದು.

ಇಷ್ಟು ಮಾಡಿದ ಮೇಲೂ ಹೆದರಿಕೆ ಹೋಗುವುದಿಲ್ಲ. ಹೋಗಬೇಕೆಂದು ಕಾಯುತ್ತ ಕೂರುವುದರಲ್ಲೇ ನಮ್ಮ ಎಷ್ಟೋ ವಿಶ್ವಾಸಿಗಳು ಸೋತುಹೋಗುತ್ತಾರೆ. ಸತ್ಯವೇದದಲ್ಲಿ ಧೈರ್ಯದ ಕೆಲಸ ಮಾಡಿದವರು ಹೆದರುತ್ತಲೇ ಮಾಡಿದರು. ಕೊರಿಂಥಕ್ಕೆ ಬಂದಾಗ ತಾನು ಬಲಹೀನನಾಗಿ ಭಯದಿಂದ ನಡುಗುತ್ತಿದ್ದೆ ಎಂದು ಅಪೊಸ್ತಲ ಪೌಲನೇ ಬರೆದಿದ್ದಾನೆ. ಹಿಡಿದುಕೊಂಡು ಹೋದ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸಂಕಟದಿಂದ ಬೆವರಿದ್ದು ಎಲ್ಲರಿಗೂ ಗೊತ್ತು. ಆದರೂ 'ನಂಬಿಕೆ ಇದ್ದರೆ ಭಯ ಯಾಕೆ' ಎಂಬ ಪ್ರಶ್ನೆ ನಮ್ಮ ಪ್ರಾರ್ಥನಾಕೂಟಗಳಲ್ಲಿ ಇನ್ನೂ ತಿರುಗುತ್ತಿದೆ. ಅದನ್ನು ಕೇಳುವವರು ಆ ತೋಟದ ಅಧ್ಯಾಯವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಹಳೆಯ ಒಡಂಬಡಿಕೆಯ ನೆಹೆಮೀಯನನ್ನು ನೋಡಿ. ಪರದೇಶದ ಅರಮನೆಯಲ್ಲಿ ಅರಸನಿಗೆ ಪಾನ ಕೊಡುವ ಕೆಲಸ. ತನ್ನ ಊರಾದ ಯೆರೂಸಲೇಮಿನ ಗೋಡೆ ಬಿದ್ದು ಬಾಗಿಲು ಸುಟ್ಟಿದೆ ಎಂಬ ಕೆಟ್ಟ ಸುದ್ದಿ ಬಂದಿದೆ, ಆದರೂ ಯಜಮಾನನ ಮುಂದೆ ಮುಖ ಸಪ್ಪೆ ಮಾಡುವ ಹಾಗಿಲ್ಲ. ಮುಂಬೈಯ ಹೋಟೆಲುಗಳಲ್ಲಿ ಟೇಬಲ್ ನೋಡಿಕೊಳ್ಳುವ ನಮ್ಮ ಹುಡುಗರಿಗೆ ಈ ಪರಿಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ. 'ಯಾಕೆ ಬೇಸರದಲ್ಲಿದ್ದೀ' ಎಂದು ಅರಸ ಕೇಳಿದಾಗ ತನಗೆ ಬಹಳ ಭಯವಾಯಿತೆಂದು ಆತ ಒಪ್ಪಿಕೊಳ್ಳುತ್ತಾನೆ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಒಂದು ಕ್ಷಣದಲ್ಲಿ ಪ್ರಾರ್ಥಿಸಿ ಬಾಯಿ ತೆರೆಯುತ್ತಾನೆ. ಆ ಒಂದು ಕ್ಷಣದ ಹಿಂದೆ ಸುಮಾರು ನಾಲ್ಕು ತಿಂಗಳ ಪ್ರಾರ್ಥನೆ ಇದೆ. ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ (ನವೆಂಬರ್-ಡಿಸೆಂಬರ್) ಸುದ್ದಿ ಬಂತು, ಮಾತಾಡಿದ್ದು ನೀಸಾನ್ ತಿಂಗಳಲ್ಲಿ (ಮಾರ್ಚ್-ಏಪ್ರಿಲ್). ಕೇಳಿದ್ದಾದರೂ ಏನು? ಎಷ್ಟು ದಿನ ರಜೆ, ದಾರಿಯ ಅಧಿಕಾರಿಗಳಿಗೆ ಪತ್ರ, ಬಾಗಿಲುಗಳಿಗೆ ಮರ. ಎಲ್ಲ ಲೆಕ್ಕ ಹಾಕಿಟ್ಟ ಬೇಡಿಕೆ.

ಇದರಿಂದ ಕಲಿಯಬೇಕಾದದ್ದು ಹೆದರಿಕೆಗೆ ಹೆಸರಿಡುವುದನ್ನು. 'ಕರ್ತನೇ, ಎಲ್ಲಾ ಒಳ್ಳೇದಾಗಲಿ' ಎಂಬ ಪ್ರಾರ್ಥನೆಯಿಂದ ಧೈರ್ಯ ಬರುವುದು ಕಷ್ಟ, ಏಕೆಂದರೆ ಹೆದರಿಕೆ ಏನೆಂದು ಅದರಲ್ಲಿ ಎಲ್ಲೂ ಬರಲಿಲ್ಲ. ಹಿಂದಿನ ರಾತ್ರಿ ಹತ್ತು ನಿಮಿಷ ಕೂತು 13ನೇ ಕೀರ್ತನೆಯ ಅಚ್ಚಿನಲ್ಲಿ ಬರೆಯಿರಿ. ಅದು ಆರೇ ವಚನದ ಕೀರ್ತನೆ. ಮೊದಲೆರಡರಲ್ಲಿ ದೂರು, ಮೂಲದಲ್ಲಿ 'ಎಷ್ಟರ ತನಕ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಡುವಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ನಿಮ್ಮ ಹಾಳೆಯಲ್ಲೂ ಹಾಗೇ:

'ಕರ್ತನೇ, ಮೂರು ವಾರವಾಯಿತು, ಎಚ್‌ಆರ್ ಏನೂ ಹೇಳುತ್ತಿಲ್ಲ. ಸೋಮವಾರ 11 ಗಂಟೆಗೆ ಕರೆದಿದ್ದಾರೆ. ಕೆಲಸ ಹೋದರೆ ಮನೆ ಬಾಡಿಗೆ ಎರಡು ತಿಂಗಳು ಮಾತ್ರ ಕಟ್ಟಬಲ್ಲೆ, ಅದು ಹೆದರಿಕೆ. ಅದಕ್ಕಿಂತ ಹೆಚ್ಚು, ಮಾವನ ಮುಂದೆ ತಲೆ ತಗ್ಗಿಸಬೇಕಲ್ಲ ಎಂಬ ಹೆದರಿಕೆ. ಅವರು ಮಾತಾಡುವಾಗ ನನ್ನ ದನಿ ನಡುಗದಿರಲಿ. ನೋಟಿಸ್ ಅವಧಿಯ ಸಂಬಳ ಕೇಳುವಷ್ಟು ಬಾಯಿ ಕೊಡು. ಹಿಂದೆ ನಡಿಸಿದವನು ನೀನೇ.'

ಮಾವನ ವಿಷಯ ಬರೆಯುವ ತನಕ ಅದು ಅಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಬರೆದ ಮೇಲೆ ಬಾಡಿಗೆಯ ಹೆದರಿಕೆಯೂ ಎರಡು ತಿಂಗಳ ಲೆಕ್ಕಕ್ಕೆ ಇಳಿಯುತ್ತದೆ. ಕೊನೆಯ ಸಾಲು ಬರೆಯಲು ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ, ಸುಳ್ಳು ಭರವಸೆ ಬರೆಯಬೇಕಿಲ್ಲ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದೂ ಸತ್ಯವೇದದೊಳಗೇ ಇದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷದ ವಚನವೆಂದು ಎತ್ತಿಕೊಳ್ಳುವ ವಾಗ್ದಾನದ ಕಾರ್ಡುಗಳಲ್ಲಿ ಮಾತ್ರ ಅದನ್ನು ಯಾರೂ ಅಚ್ಚುಹಾಕುವುದಿಲ್ಲ.

ಹೀಗೆ ಬರೆದು ಬೇಡುವ ಪದ್ಧತಿ ಮುಂಬೈಗೆ ಹೊಸದಲ್ಲ. ಮಾಹೀಮಿನ ಸಂತ ಮೈಕಲ್ ಕ್ಯಾಥೊಲಿಕ್ ದೇವಾಲಯದಲ್ಲಿ 1948ರಿಂದ ಪ್ರತಿ ಬುಧವಾರ ನೊವೆನಾ (ಒಂಬತ್ತು ಸಲದ ಪ್ರಾರ್ಥನೆ) ನಡೆಯುತ್ತಿದೆ. ಜನ ಒಂಬತ್ತು ಬುಧವಾರ ಬರುತ್ತಾರೆ, ಬೇಡಿಕೆಯನ್ನು ಚೀಟಿಯಲ್ಲಿ ಬರೆಯುತ್ತಾರೆ, ನೆರವೇರಿದರೆ ಕೃತಜ್ಞತೆಯನ್ನೂ ಬರೆದು ಕೊಡುತ್ತಾರೆ. ಸಾಲಿನಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು. ಬಾಸೆಲ್ ಮಿಷನ್, ಮೆಥಡಿಸ್ಟ್‌ನಂಥ ಪ್ರೊಟೆಸ್ಟೆಂಟ್ ಮನೆತನದಿಂದ ಬಂದು, ನೊವೆನಾ ಎಂದರೆ ಮುಖ ಸಿಂಡರಿಸುವವರು ಅಲ್ಲಿಗೆ ಹೋಗಬೇಕಿಲ್ಲ. ಚೀಟಿ ಬರೆಯುವುದನ್ನು ಮಾತ್ರ ಎರವಲು ತಂದುಕೊಳ್ಳಿ.

ಇನ್ನು ಬಾಯಿಬಿಡುವ ಧೈರ್ಯ. ಅಪೊಸ್ತಲರ ಕೃತ್ಯಗಳು 4ರಲ್ಲಿ ಯೇಸುವಿನ ಹೆಸರೆತ್ತಬೇಡಿ ಎಂದು ಅಧಿಕಾರಿಗಳು ಪೇತ್ರ ಯೋಹಾನರನ್ನು ಬೆದರಿಸಿ ಬಿಟ್ಟಾಗ ಸಭೆ ಮಾಡಿದ ಪ್ರಾರ್ಥನೆಯನ್ನು ಗಮನಿಸಿ. ಬೆದರಿಕೆ ಹಾಕಿದವರನ್ನು ತೆಗೆದುಹಾಕು ಎಂದು ಅವರು ಕೇಳಲಿಲ್ಲ, ಮಾತಾಡಲು ಧೈರ್ಯ ಕೊಡು ಎಂದರು. ಅಲ್ಲಿರುವ ಗ್ರೀಕ್ ಪದ 'ಪರ್ರೇಸಿಯಾ', ಮುಚ್ಚುಮರೆಯಿಲ್ಲದೆ ಮಾತಾಡುವುದು ಎಂದರ್ಥ. ನಿತ್ಯದ ಬದುಕಿನಲ್ಲಿ ಇದರ ಅಗತ್ಯ ಬೀಳುವುದು ಸಣ್ಣ ಸಣ್ಣ ಕಡೆ: ಸುಳ್ಳು ಬಿಲ್ಲಿಗೆ ಸಹಿ ಹಾಕು ಎಂದಾಗ, ಸೊಸೈಟಿ ಮೀಟಿಂಗಿನಲ್ಲಿ ಕೆಲಸದವಳ ಮೇಲೆ ಸುಮ್ಮನೆ ಕಳ್ಳತನ ಹೊರಿಸಿದಾಗ, 'ನೀವು ಮನೆಯಲ್ಲಿ ಏನು ಮಾಡುತ್ತೀರಿ, ಜನ ಸೇರುತ್ತಾರಲ್ಲ' ಎಂದು ಪಕ್ಕದವರು ಕೇಳಿದಾಗ.

ಇಲ್ಲಿ ಬೇಕಾದದ್ದು ಒಂದೇ ವಾಕ್ಯ. ಅದನ್ನು ಬೆಳಿಗ್ಗೆಯೇ ಸಿದ್ಧ ಮಾಡಿ, ಗಟ್ಟಿಯಾಗಿ ಎರಡು ಸಲ ಹೇಳಿ ನೋಡಿ. 'ಸರ್, ಈ ಮೊತ್ತಕ್ಕೆ ನಾನು ಸಹಿ ಹಾಕಲು ಆಗುವುದಿಲ್ಲ, ನಿಜವಾದ ಮೊತ್ತಕ್ಕೆ ಈಗಲೇ ಬಿಲ್ ಮಾಡಿಕೊಡುತ್ತೇನೆ.' ನಿರಾಕರಣೆಯ ಜೊತೆಗೇ ಏನು ಮಾಡಬಲ್ಲಿರಿ ಎಂಬುದೂ ಇರಲಿ. ವಚನ ಸೇರಿಸಬೇಡಿ. 'ನಾನು ಕ್ರೈಸ್ತ, ಸುಳ್ಳು ಹೇಳುವುದಿಲ್ಲ' ಎಂದರೆ ಎದುರಿನವನು ಕಳ್ಳ ಎಂದಂತಾಯಿತು, ಅಲ್ಲಿಂದ ಮಾತು ಬಿಲ್ ವಿಷಯ ಬಿಟ್ಟು ಧರ್ಮದ ಕಡೆ ತಿರುಗುತ್ತದೆ. ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಬೇಕಾಗಿದ್ದರೆ ಆ ಭಾಷೆಯಲ್ಲೇ ಅಭ್ಯಾಸ ಮಾಡಿ. ಪ್ರಾರ್ಥನೆ ಕನ್ನಡದಲ್ಲಿ ಮಾಡಿ, ಮಾತು ಮರಾಠಿಯಲ್ಲಿ ಹೊರಡಬೇಕಾದಾಗ ನಾಲಿಗೆ ತೊಡರುವುದು ಸಹಜ. ತೊಡರಿದ್ದನ್ನೇ ನಾವು ಹೇಡಿತನ ಎಂದುಕೊಂಡುಬಿಡುತ್ತೇವೆ.

ಯೆಹೋಶುವನ ಗ್ರಂಥದ ಮೊದಲ ಅಧ್ಯಾಯದಲ್ಲಿ ಸ್ಥಿರಚಿತ್ತನಾಗಿರು, ಧೈರ್ಯದಿಂದಿರು ಎಂಬ ಮಾತು ನಾಲ್ಕು ಸಲ ಇದೆ: 6, 7, 9 ಮತ್ತು 18ನೇ ವಚನ. ಮೊದಲ ಮೂರು ದೇವರ ಮಾತು. ನಾಲ್ಕನೆಯದನ್ನು ಹೇಳುವವರು ಜನ. 9ನೇ ವಚನವನ್ನು ಗೋಡೆಗೆ ತೂಗುಹಾಕದ ಕ್ರೈಸ್ತ ಮನೆ ಕಡಿಮೆ, 18ನೆಯದನ್ನು ತೂಗುಹಾಕಿದ ಮನೆ ನಾನಂತೂ ನೋಡಿಲ್ಲ. ಹೊಸ ಒಡಂಬಡಿಕೆಯಲ್ಲೂ ಹಾಗೇ. ಪಾರ್ಶ್ವವಾಯು ರೋಗಿಗೆ, ದೋಣಿಯ ಶಿಷ್ಯರಿಗೆ, ಸೆರೆಯಲ್ಲಿದ್ದ ಪೌಲನಿಗೆ 'ಧೈರ್ಯವಾಗಿರು' ಎಂದದ್ದು ಕರ್ತನು. ಕುರುಡ ಬಾರ್ತಿಮಾಯನಿಗೆ ಅದನ್ನೇ ಹೇಳಿದ್ದು ಮಾತ್ರ ಗುಂಪಿನ ಜನ, ಅದೂ ಸ್ವಲ್ಪ ಮುಂಚೆ ಅವನನ್ನು ಸುಮ್ಮನಿರು ಎಂದು ಗದರಿಸಿದವರ ಗುಂಪು. ಯಾರೂ ತಮಗೆ ತಾವೇ ಹೇಳಿಕೊಂಡದ್ದಲ್ಲ.

ಹಾಗಾಗಿ ಧೈರ್ಯ ಹೇಳಲು ಒಬ್ಬರಿರಬೇಕು. ಒಬ್ಬರೇ ಸಾಕು, ಮುಂದಾಗಿಯೇ ಗೊತ್ತುಮಾಡಿಕೊಳ್ಳಿ. ವಾರಕ್ಕೊಮ್ಮೆ ಆರಾಧನೆಯಲ್ಲಿ ಸಿಗುವವರಾದರೆ ಒಳ್ಳೆಯದು. ಬೆಳಿಗ್ಗೆ ಮರಾಠಿ ಆರಾಧನೆ ಮುಗಿದ ಮೇಲೆ ಅದೇ ಕಟ್ಟಡದಲ್ಲಿ ಕನ್ನಡ ಸಭೆ ಸೇರುವ ಕಡೆ, ಹೊರಗೆ ಕಾಯುವ ಆ ಅರ್ಧ ಗಂಟೆ ಇದಕ್ಕೆಂದೇ ಇದ್ದಂತಿರುತ್ತದೆ. ಕಳಿಸುವ ಮೆಸೇಜ್ ಚಿಕ್ಕದಿರಲಿ: 'ಇವತ್ತು 11 ಗಂಟೆ, ಪರೇಲ್, ಬಯಾಪ್ಸಿ ರಿಪೋರ್ಟ್. ಕೀರ್ತನೆ 13.' ಆ ಕಡೆಯವರು 11ಕ್ಕೆ ಆ ಕೀರ್ತನೆ ಓದಿ 'ಓದಿದೆ' ಎಂದು ಕಳಿಸಿದರೆ ಮುಗಿಯಿತು. ಕೈಜೋಡಿಸಿದ ಹನ್ನೆರಡು ಇಮೋಜಿಗಿಂತ ಇದು ಹೆಚ್ಚು ತಾಳುತ್ತದೆ. ಸಭೆಯ ದೊಡ್ಡ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. 'ಪ್ರಾರ್ಥನೆಗೋಸ್ಕರ ಹೇಳುತ್ತಿದ್ದೇನೆ' ಎಂದು ಶುರುವಾದ ಸುದ್ದಿ ಸಂಜೆಯೊಳಗೆ ಕಲಬುರಗಿ ತಲುಪಿರುತ್ತದೆ, ಅದೂ ಎರಡು ರೋಗ ಹೆಚ್ಚಾಗಿ.

ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಊರಿನಿಂದ ಬಂದವರನ್ನು ಕಾಣಲು ನಮ್ಮ ಸಭೆಗಳವರು ಹೋಗುವುದುಂಟು. ಹೋಗುವವರಿಗೆ ನಾಲ್ಕು ಮಾತು. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಹಾಸಿಗೆಯ ಮೇಲಂತೂ ಕೂರಲೇಬೇಡಿ. ಪ್ರಾರ್ಥಿಸುವ ಮುಂಚೆ 'ಯಾವುದಕ್ಕೆ ಹೆಚ್ಚು ಹೆದರಿಕೆ' ಎಂದು ಕೇಳಿ, ಉತ್ತರ ಬಂದದ್ದಕ್ಕೆ ಪ್ರಾರ್ಥಿಸಿ. ಅದು ರೋಗವೇ ಆಗಿರಬೇಕೆಂದಿಲ್ಲ, ಎಷ್ಟೋ ಸಲ ಊರಲ್ಲಿ ಬಿಟ್ಟುಬಂದ ಮಕ್ಕಳು, ಅಥವಾ ಕೂದಲು. ಯಾಕೋಬನ ಪತ್ರಿಕೆಯ ಮಾತಿನಂತೆ ಎಣ್ಣೆ ಹಚ್ಚುವುದಾದರೆ ಹಣೆಗೆ ಒಂದು ಹನಿ ಸಾಕು. ಕೀಮೋ ನಡೆಯುತ್ತಿರುವವರಿಗೆ ಸೋಂಕು ಬೇಗ ತಗಲುತ್ತದೆ, ಆದ್ದರಿಂದ ಕೈ ತೊಳೆದು, ನರ್ಸನ್ನು ಕೇಳಿಯೇ ಮುಟ್ಟಬೇಕು. ಗಾಯಕ್ಕೂ ಹೊಲಿಗೆಗೂ ಎಣ್ಣೆ ತಾಗಿಸಬೇಡಿ. ನೆಗಡಿ ಇದ್ದರೆ ಆ ದಿನ ಹೋಗದಿರುವುದೇ ಸೇವೆ. ಔಷಧಿ ನಿಲ್ಲಿಸಿದರೆ ನಂಬಿಕೆ ಹೆಚ್ಚಾಯಿತು ಎಂಬಂತೆ ಯಾರಾದರೂ ಮಾತಾಡಿದರೆ ಅಲ್ಲೇ ತಡೆಯಿರಿ. ಜಿಗಿದು ತೋರಿಸು, ದೂತರು ಕಾಯುತ್ತಾರೆ ಎಂದು 91ನೇ ಕೀರ್ತನೆ ಹಿಡಿದು ಯೇಸುವಿನ ಹತ್ತಿರ ಬಂದವನು ಯಾರೆಂದು ಮತ್ತಾಯ 4ರಲ್ಲಿ ಇದೆ: ಸೈತಾನ.

ಉಪವಾಸವೂ ಹಾಗೇ. ಪಾರಸಿಯ ಅರಸನ ಯೆಹೂದ್ಯ ರಾಣಿ ಎಸ್ತೇರಳು ತನ್ನ ಜನರ ಪ್ರಾಣ ಕೇಳಲು ಅರಸನ ಮುಂದೆ ಹೋಗುವ ಮುನ್ನ ಮೂರು ದಿನ ಉಪವಾಸ ಮಾಡಿದಳು, ಆದರೆ ಅರಮನೆಯಿದ್ದ ಶೂಷನ್ ನಗರದ ಯೆಹೂದ್ಯರೆಲ್ಲ ಜೊತೆಗೆ ಮಾಡಲಿ ಎಂದು ಹೇಳಿಕಳಿಸಿದ ಮೇಲೆ. ಒಂದು ಹೊತ್ತು ಊಟ ಬಿಟ್ಟು ನೀರು ಕುಡಿಯುತ್ತ ಪ್ರಾರ್ಥಿಸುವುದು ಆರೋಗ್ಯವಂತರಿಗೆ ತೊಂದರೆಯಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಥಟ್ಟನೆ ಇಳಿದು ತಲೆ ತಿರುಗಿ ಬೀಳಬಹುದು. ಅವರು ಊಟ ಮಾಡಿ, ಟಿವಿಯನ್ನೋ ಫೋನನ್ನೋ ಬಿಡಲಿ.

ಇದರೆಲ್ಲದರ ನಡುವೆ ಒಂದು ತಪ್ಪನ್ನು ಮಾತ್ರ ಸಹಿಸಬಾರದು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ 'ಧೈರ್ಯದಿಂದ ಸಹಿಸಿಕೋ, ಶಿಲುಬೆ ಹೊರು' ಎನ್ನುವುದು. ದಮಸ್ಕದಲ್ಲಿ ಕೊಲ್ಲಲು ಕಾದಿದ್ದಾಗ ಪೌಲನು ನಿಂತು ಏಟು ತಿನ್ನಲಿಲ್ಲ, ರಾತ್ರಿ ಬುಟ್ಟಿಯಲ್ಲಿ ಕೂತು ಗೋಡೆಯಿಂದ ಇಳಿದು ಹೋದ. ಬುಟ್ಟಿಯ ಹಗ್ಗ ಹಿಡಿದವರು ಶಿಷ್ಯರು. ಸಭೆಗೆ ಇರುವ ಕೆಲಸ ಆ ಹಗ್ಗ ಹಿಡಿಯುವುದು: ಒಂದು ರಾತ್ರಿಗೆ ಇರಲು ಜಾಗ, ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ನಕಲು ಇಟ್ಟುಕೊಳ್ಳಲು ಒಂದು ಮನೆ, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಇನ್ನು ಹೆದರಿಕೆ ವಾರಗಟ್ಟಲೆ ಬಿಡದೆ, ನಿದ್ದೆ ಊಟ ಕೆಟ್ಟು, ಕಾರಣವಿಲ್ಲದೆ ಎದೆ ಡವಗುಟ್ಟುತ್ತಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಪುಣೆಯವರು ಒಂದು ರಜೆಯ ದಿನ ದೌಂಡ್ ಕಡೆಯ ಗಾಡಿ ಹತ್ತಿ ಕೇಡಗಾಂವ್‌ಗೆ ಹೋಗಿ ಬನ್ನಿ. ದಿಕ್ಕಿಲ್ಲದ ಹೆಂಗಸರಿಗೆ, ಮಕ್ಕಳಿಗೆ ಆಸರೆಯಾಗಿ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲಿ. ಅವರನ್ನು ಮಹಾರಾಷ್ಟ್ರದವರೆಂದೇ ನಾವು ಬಿಟ್ಟುಕೊಟ್ಟಿದ್ದೇವೆ, ಆದರೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಕ್ಷಾಮದಲ್ಲಿ ತಂದೆತಾಯಿ ಹೋದರು, 1882ರಲ್ಲಿ ಗಂಡ ಹೋದ, ಕೈಯಲ್ಲಿ ಹಸುಗೂಸು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದರು. ಹುಡುಗಿಯರನ್ನು ಕ್ರೈಸ್ತರನ್ನಾಗಿ ಮಾಡುತ್ತಾರೆಂಬ ಗದ್ದಲ ಎದ್ದಾಗ ಎಷ್ಟೋ ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಇವೆಲ್ಲ ಭಾಷಣಗಳಲ್ಲಿ ಬರುವ ಸಂಗತಿ. ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಕೊನೆಯ ವರ್ಷಗಳು. ಸತ್ಯವೇದವನ್ನು ಮೂಲದಿಂದ ಸರಳ ಮರಾಠಿಗೆ ತರಬೇಕೆಂದು ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಕೂತು ಬರೆದರು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಳು. ಆ ಮೇಲೂ ತಾಯಿ ಅನುವಾದದ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ತಾವೂ ಹೋದರು. ನೆಹೆಮೀಯನಂತೆ ಅರಸನ ಮುಂದೆ ಒಂದು ಕ್ಷಣ ನಿಲ್ಲುವುದಕ್ಕೂ, ಮಗಳಿಲ್ಲದ ಮನೆಯಲ್ಲಿ ಮರುದಿನ ಬೆಳಿಗ್ಗೆ ಮತ್ತೆ ಅದೇ ಪುಟ ತೆರೆಯುವುದಕ್ಕೂ ಬೇಕಾದ ಧೈರ್ಯ ಒಂದೇ ಜಾತಿಯದಲ್ಲ. ಎರಡನೆಯದಕ್ಕೆ ವಾಗ್ದಾನದ ಕಾರ್ಡು ಕಡಿಮೆ ಬೀಳುತ್ತದೆ.

ಕೆಲಸ ಮುಗಿದ ಮೇಲಿನ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರವಾದಿ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಅಷ್ಟೊಂದು ಜನರ ಮುಂದೆ ಒಬ್ಬನೇ ನಿಂತು ಗೆದ್ದ, ಕುಸಿದದ್ದು ಅದಾದ ಮೇಲೆ, ಗಿಡದ ಕೆಳಗೆ ಬಿದ್ದು ಸಾಯುತ್ತೇನೆ ಎಂದದ್ದು ಆಗ. ದೂತನು ಬಂದು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದ, ಮಲಗಿದ, ದೂತನು ಮತ್ತೆ ಎಬ್ಬಿಸಿ ತಿನ್ನಿಸಿದ. ಆದ್ದರಿಂದ ಎಚ್‌ಆರ್ ಕೋಣೆಯಿಂದಲೋ ಡಾಕ್ಟರ ಕೋಣೆಯಿಂದಲೋ ಹೊರಬಂದ ಮೇಲೆ ನೇರ ಗಾಡಿ ಹತ್ತಬೇಡಿ. ಹತ್ತಿರದ ಹೋಟೆಲಿನಲ್ಲಿ ಕೂತು ಎರಡು ಇಡ್ಲಿ ತಿನ್ನಿ, ನೀರು ಕುಡಿಯಿರಿ. ಬಂದ ಸುದ್ದಿ ಒಳ್ಳೆಯದೋ ಕೆಟ್ಟದೋ, ಅದನ್ನು ಊರಿಗೆ ಫೋನ್ ಮಾಡಿ ಹೇಳುವುದು ಆಮೇಲೆ. ಬೆಳಿಗ್ಗೆ ಮೆಸೇಜ್ ಕಳಿಸಿದ್ದವರಿಗೆ ಮಾತ್ರ ಅಲ್ಲಿಂದಲೇ ಎರಡು ಪದ ಕಳಿಸಿ: 'ಮುಗಿಯಿತು. ತಿಂದೆ.'